ಪ್ರೆಷರ್ ವಾಷರ್ ಗಾಡಿ: ಕಟ್ಟುವಾಗಲೇ ಇರಲಿ ಎಚ್ಚರ

ನಮ್ಮ ಊರುಗಳ ಬೀದಿಗಳಲ್ಲಿ ಈಗ ಒಂದು ಹೊಸ ಬಗೆಯ ಗಾಡಿ ಆಗಾಗ ಕಣ್ಣಿಗೆ ಬೀಳುತ್ತದೆ. ಸಣ್ಣ ಗೂಡ್ಸ್ ವಾಹನ. ಅದರ ಹಿಂಭಾಗದಲ್ಲಿ ಕಪ್ಪು ಪ್ಲಾಸ್ಟಿಕ್ ತೊಟ್ಟಿ, ಪಕ್ಕದಲ್ಲಿ ಪೆಟ್ರೋಲ್ ಎಂಜಿನ್ ಜೋಡಿಸಿದ ಪಂಪು, ಸುರುಳಿ ಸುತ್ತಿದ ಉದ್ದನೆಯ ಪೈಪು, ಅದರ ತುದಿಯಲ್ಲಿ ಬಂದೂಕಿನಂಥ ಹಿಡಿಕೆ. ಮನೆಬಾಗಿಲಿಗೇ ಬಂದು ಕಾರು ತೊಳೆಯುವವರು, ಸಂಪು ಮತ್ತು ತಾರಸಿಯ ತೊಟ್ಟಿ ಶುಚಿ ಮಾಡುವವರು, ಪಾಚಿ ಕಟ್ಟಿದ ಅಂಗಳ ತೊಳೆಯುವವರು ಇದನ್ನೇ ನೆಚ್ಚಿಕೊಂಡಿದ್ದಾರೆ. ಇವರಲ್ಲಿ ಬಹಳ ಮಂದಿ ಸಾಲ ಮಾಡಿ ಸ್ವಂತ ಉದ್ಯೋಗಕ್ಕೆ ಇಳಿದ ಯುವಕರು. ನಿಮ್ಮ ಮನೆಯ ಹುಡುಗನೇ ಇಂಥ ಗಾಡಿ ಕಟ್ಟುವ ಯೋಚನೆಯಲ್ಲಿರಬಹುದು. ಇಲ್ಲವೇ ನೀವು ಹಬ್ಬಕ್ಕೆ ಮುಂಚೆ ಇಂಥವರನ್ನು ಮನೆಗೆ ಕರೆಸುವವರಾಗಿರಬಹುದು. ಇಬ್ಬರೂ ತಿಳಿದಿರಬೇಕಾದ ಕೆಲವು ವಿಷಯಗಳಿವೆ.

ಈ ಕೆಲಸ ನೋಡುವವರಿಗೆ ಆಟದಂತೆ ಕಾಣುತ್ತದೆ. ನೀರು ತಾನೇ, ಏನಾದೀತು ಎಂಬ ಭಾವನೆ ಎಲ್ಲರಲ್ಲೂ ಇದೆ. ಅಪಾಯ ಇರುವುದು ಈ ಭಾವನೆಯಲ್ಲೇ.

ನೀರಿನ ಒತ್ತಡ ಎಷ್ಟು?

ಹತ್ತು ಮೀಟರ್ ಎತ್ತರದ ತೊಟ್ಟಿಯಿಂದ ನಲ್ಲಿಗೆ ಇಳಿದು ಬರುವ ನೀರಿನ ಒತ್ತಡ ಸುಮಾರು 1 ಬಾರ್. ಕಾರಿನ ಚಕ್ರದೊಳಗಿನ ಗಾಳಿಯ ಒತ್ತಡ 2ರಿಂದ 2.5 ಬಾರ್. ಪ್ರೆಷರ್ ವಾಷರ್‌ನಿಂದ ಹೊರಬರುವ ನೀರಿನ ಒತ್ತಡ ಸಾಮಾನ್ಯವಾಗಿ 100ರಿಂದ 200 ಬಾರ್! ಮನುಷ್ಯನ ಚರ್ಮವನ್ನು ತೂತು ಮಾಡಲು ಸುಮಾರು 7 ಬಾರ್ ಒತ್ತಡದ ಸೂಕ್ಷ್ಮ ಧಾರೆ ಸಾಕು. ಅಂದಮೇಲೆ ಈ ಹಿಡಿಕೆಯನ್ನು ಹಿಡಿದವನ ಕೈಯಲ್ಲಿರುವುದು ಚಾಕುವಿಗಿಂತ ಹರಿತವಾದ ಆಯುಧ. ರಬ್ಬರ್ ಗ್ಲೌಸಾಗಲಿ, ಚರ್ಮದ ಗ್ಲೌಸಾಗಲಿ ಹತ್ತಿರದಿಂದ ಬಿದ್ದ ಧಾರೆಯನ್ನು ತಡೆಯಲಾರದು.

ತೂತು ಸಣ್ಣದು, ಗಾಯ ದೊಡ್ಡದು

ಈ ಧಾರೆ ಬೆರಳಿಗೆ ತಗುಲಿದಾಗ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಚಿಕ್ಕ ತೂತು. ರಕ್ತ ಹೆಚ್ಚು ಬರುವುದಿಲ್ಲ. ಮೊದಲ ಒಂದೆರಡು ಗಂಟೆ ನೋವೂ ಅಷ್ಟಿರುವುದಿಲ್ಲ. ಒಳಗೆ ನಡೆಯುವುದೇ ಬೇರೆ. ನುಗ್ಗಿದ ನೀರು, ಅದರೊಡನೆ ಸಾಬೂನು, ಗ್ರೀಸು, ಕೊಳೆ, ರೋಗಾಣುಗಳು ಬೆರಳಿನ ಸ್ನಾಯುರಜ್ಜುಗಳ ಗುಂಟ ಅಂಗೈವರೆಗೂ, ಕೆಲವೊಮ್ಮೆ ಮುಂಗೈವರೆಗೂ ಹರಡುತ್ತವೆ. ಬೆರಳಿನೊಳಗೆ ಖಾಲಿ ಜಾಗ ಬಹಳ ಕಡಿಮೆ. ಊತ ಏರಿದಂತೆ ರಕ್ತನಾಳಗಳು ಅಮುಕಿಕೊಂಡು ರಕ್ತಸಂಚಾರ ನಿಲ್ಲುತ್ತದೆ, ಮಾಂಸ ಸಾಯತೊಡಗುತ್ತದೆ.

ಕೆಲವು ವರ್ಷಗಳ ಹಿಂದೆ 23 ವರ್ಷದ ಯುವಕನೊಬ್ಬ ನನ್ನ ಚಿಕಿತ್ಸಾಲಯಕ್ಕೆ ಬಂದ. ಪೈಪಿನ ಜೋಡಣೆಯ ಬಳಿ ನೀರು ಸೋರುತ್ತಿದೆಯೆಂದು ಎಡಗೈ ತೋರುಬೆರಳಿನಿಂದ ಮುಟ್ಟಿ ನೋಡಿದ್ದ. ಚುಚ್ಚಿದಂತಾಯಿತು, ಅಷ್ಟೆ. ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಇನ್ನೂ ಮೂರು ಕಾರು ತೊಳೆದ. ರಾತ್ರಿ ನೋವಿಗೆ ಎಚ್ಚರವಾಯಿತು. ಮಾತ್ರೆ ನುಂಗಿ ಮಲಗಿದ. ಮರುದಿನ ಸಂಜೆ ನನ್ನ ಬಳಿ ಬರುವ ಹೊತ್ತಿಗೆ ಬೆರಳು ದಪ್ಪಗೆ ಊದಿ, ತುದಿ ಬೂದುಬಣ್ಣಕ್ಕೆ ತಿರುಗಿ ತಣ್ಣಗಾಗಿತ್ತು. ಆಗಲೇ ಶಸ್ತ್ರವೈದ್ಯರ ಬಳಿಗೆ ಕಳಿಸಿದೆ. ಎರಡು ಶಸ್ತ್ರಚಿಕಿತ್ಸೆಗಳಾದವು. ಬೆರಳಿನ ತುದಿಯ ಗೆಣ್ಣು ಉಳಿಯಲಿಲ್ಲ. ಎರಡು ತಿಂಗಳು ಗಾಡಿ ಮನೆಮುಂದೆ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಒತ್ತಡದಿಂದ ದ್ರವ ಒಳನುಗ್ಗಿದ ಇಂಥ ಗಾಯಗಳಲ್ಲಿ, ಬಣ್ಣ, ಎಣ್ಣೆ ಮುಂತಾದ ಎಲ್ಲ ದ್ರವಗಳನ್ನೂ ಸೇರಿಸಿ, ನೂರಕ್ಕೆ ಸುಮಾರು 30 ಮಂದಿ ಬೆರಳು ಅಥವಾ ಅದರ ಭಾಗವನ್ನು ಕಳೆದುಕೊಂಡಿರುವುದು ವೈದ್ಯಕೀಯ ವರದಿಗಳಿಂದ ತಿಳಿದುಬಂದಿದೆ. ಬಣ್ಣ, ಥಿನ್ನರ್, ಡೀಸೆಲ್‌ಗಳಿಗೆ ಹೋಲಿಸಿದರೆ ಬರಿಯ ನೀರಿನ ಗಾಯ ಕಡಿಮೆ ಹಾನಿಕರ. ಆದರೆ ಕೆಲಸದ ಗಾಡಿಯಲ್ಲಿ ಬರಿಯ ನೀರು ಇರುವುದೆಲ್ಲಿ?

ಆಗ ಏನು ಮಾಡಬೇಕು?

ನೋವಿರಲಿ, ಇಲ್ಲದಿರಲಿ, ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಆರು ಗಂಟೆಯೊಳಗೆ ಗಾಯವನ್ನು ಬಿಡಿಸಿ ಒಳಗಿನ ಕಲ್ಮಶ ತೆಗೆದರೆ ಬೆರಳು ಉಳಿಯುವ ಸಂಭವ ಹೆಚ್ಚು. ಕೈಯಲ್ಲಿ ಉಂಗುರವಿದ್ದರೆ ಊತ ಏರುವ ಮುನ್ನ ತೆಗೆಯಿರಿ. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಹಿಡಿಯಿರಿ. ದಾರ, ರಬ್ಬರ್ ಬ್ಯಾಂಡ್ ಬಿಗಿಯಬೇಡಿ, ಹಿಚುಕಬೇಡಿ, ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅರಿವಳಿಕೆ ಕೊಡಬೇಕಾಗಿ ಬರಬಹುದಾದ್ದರಿಂದ ದಾರಿಯಲ್ಲಿ ಏನನ್ನೂ ತಿನ್ನುವುದು, ಕುಡಿಯುವುದು ಬೇಡ.

ಆಸ್ಪತ್ರೆಯಲ್ಲಿ “ಕೈಗೆ ಚುಚ್ಚಿಕೊಂಡಿತು” ಎಂದಷ್ಟೇ ಹೇಳಿದರೆ ಟೆಟನಸ್ ಚುಚ್ಚುಮದ್ದು ಹಾಕಿ ಮನೆಗೆ ಕಳಿಸುವ ಸಾಧ್ಯತೆ ಉಂಟು. “ಪ್ರೆಷರ್ ವಾಷರ್‌ನ ನೀರು ಒಳಗೆ ನುಗ್ಗಿದೆ, ಒತ್ತಡ ಇಷ್ಟು ಬಾರ್, ನೀರಿನಲ್ಲಿ ಈ ರಾಸಾಯನಿಕವಿತ್ತು, ಇಷ್ಟು ಗಂಟೆಗೆ ಆಯಿತು” ಎಂದು ಸ್ಪಷ್ಟವಾಗಿ ಹೇಳಿ. ರಾಸಾಯನಿಕದ ಡಬ್ಬಿಯ ಲೇಬಲ್ಲನ್ನೂ ತೋರಿಸಿ.

ಗಾಡಿ ಕಟ್ಟುವಾಗ

ಅಪಘಾತದ ಅರ್ಧಪಾಲನ್ನು ಗಾಡಿ ಸಿದ್ಧಪಡಿಸುವಾಗಲೇ ತಪ್ಪಿಸಬಹುದು. ಮೊದಲನೆಯದು ಭಾರ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಸಣ್ಣ ಗೂಡ್ಸ್ ಗಾಡಿಗಳು ಹೊರಬಲ್ಲ ಭಾರ ಸಾಮಾನ್ಯವಾಗಿ ಮುಕ್ಕಾಲು ಟನ್ನಿನ ಆಸುಪಾಸು. 500 ಲೀಟರಿನ ತೊಟ್ಟಿ, ಎಂಜಿನ್, ಪಂಪು, ಪೈಪು, ಸಹಾಯಕ ಎಲ್ಲ ಸೇರಿದರೆ ಮಿತಿಯ ಹತ್ತಿರ ಬಂದಂತೆಯೇ. ಸಾವಿರ ಲೀಟರಿನ ತೊಟ್ಟಿ ಕೂರಿಸಿದರೆ ಬ್ರೇಕು ಹಿಡಿಯದು. ಅರ್ಧ ತುಂಬಿದ ತೊಟ್ಟಿಯೂ ತಿರುವಿನಲ್ಲಿ ನೀರು ಒಂದೇ ಕಡೆಗೆ ನುಗ್ಗಿ ಗಾಡಿಯನ್ನು ವಾಲಿಸುತ್ತದೆ. ಆದ್ದರಿಂದ ಒಳಗೆ ಅಡ್ಡಗೋಡೆಗಳಿರುವ ತಗ್ಗಾದ ತೊಟ್ಟಿ ಒಳ್ಳೆಯದು. ಅದನ್ನು ಹಿಂಬದಿ ಅಚ್ಚಿನಿಂದ ಹಿಂದಕ್ಕೆ ಚಾಚದಂತೆ ಕೂರಿಸಿ ಉಕ್ಕಿನ ಪಟ್ಟಿಯಿಂದ ಬಿಗಿಯಬೇಕು. ಗಾಡಿಯ ರಚನೆಯನ್ನು ಬದಲಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಎರಡನೆಯದು ಎಂಜಿನ್. ಅದರ ಹೊಗೆಕೊಳವೆ ಹೊರಮುಖವಾಗಿರಬೇಕು. ಚಾಲಕನ ಕೋಣೆಯ ಕಡೆಗಾಗಲಿ, ಪೆಟ್ರೋಲ್ ಡಬ್ಬಿಯ ಕಡೆಗಾಗಲಿ ಇರಬಾರದು. ಎಂಜಿನ್ ಬಿಸಿಯಿರುವಾಗ ಪೆಟ್ರೋಲ್ ಸುರಿಯಕೂಡದು. ಪಂಪಿನ ಬೆಲ್ಟು, ಚಕ್ರಗಳಿಗೆ ಜಾಲರಿಯ ಮುಚ್ಚಳ ಇರಲೇಬೇಕು. ಅಂಗಿಯ ತೋಳು, ಲುಂಗಿ, ಕತ್ತಿನ ಟವೆಲ್ ಸಿಕ್ಕಿಕೊಳ್ಳುವುದು ಅಲ್ಲಿಯೇ.

ಮೂರನೆಯದು ಪೈಪು ಮತ್ತು ಮೂತಿ. ಪೈಪಿನ ಮೇಲೆ ಮುದ್ರಿಸಿದ ಒತ್ತಡದ ಮಿತಿ ಪಂಪಿನ ಒತ್ತಡಕ್ಕಿಂತ ಹೆಚ್ಚಿರಬೇಕು. ಉಬ್ಬಿದ, ಒಳಗಿನ ತಂತಿ ಕಾಣುವ ಪೈಪಿಗೆ ಟೇಪು ಸುತ್ತಿ ಕೆಲಸ ಮುಂದುವರಿಸಬೇಡಿ, ಬದಲಾಯಿಸಿ. ಸೋರಿಕೆ ಹುಡುಕಲು ಎಂದೂ ಕೈ ಬಳಸಬೇಡಿ. ಒಂದು ರಟ್ಟಿನ ತುಂಡನ್ನು ಹಿಡಿದು ನೋಡಿ. ಯಂತ್ರ ನಿಲ್ಲಿಸಿದ ಮೇಲೂ ಪೈಪಿನೊಳಗೆ ಒತ್ತಡ ಉಳಿದಿರುತ್ತದೆ. ಹಿಡಿಕೆಯ ಗುಂಡಿ ಒತ್ತಿ ಅದನ್ನು ಖಾಲಿ ಮಾಡಿಯೇ ಮೂತಿ ಬಿಚ್ಚಬೇಕು. ಗುಂಡಿಯನ್ನು ಬೆರಳು ನೋಯುತ್ತದೆಂದು ದಾರದಿಂದ ಕಟ್ಟಿಹಾಕುವ ಅಭ್ಯಾಸ ಬಹಳ ಕೆಟ್ಟದ್ದು. ಹಿಡಿಕೆ ಕೈಜಾರಿದರೆ ಹಾವಿನಂತೆ ಹೊರಳಾಡಿ ಎದುರು ಸಿಕ್ಕವರನ್ನು ಕೊಯ್ಯುತ್ತದೆ. ಸಾಮಾನ್ಯವಾಗಿ ಕೆಂಪು ಮೂತಿ ನೇರವಾದ, ಅತಿ ಹರಿತ ಧಾರೆ ಕೊಡುತ್ತದೆ. ಬಿಳಿಯದು ಬೀಸಣಿಗೆಯಂತೆ ಅಗಲವಾಗಿ ಹರಡುತ್ತದೆ. ಮನೆಗೆಲಸಕ್ಕೆ ಕೆಂಪು ಮೂತಿಯನ್ನು ಪೆಟ್ಟಿಗೆಯಲ್ಲೇ ಬಿಡುವುದು ಲೇಸು.

ವಾಸನೆಯಿಲ್ಲದ ವಿಷ

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಜೊತೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲುಗಳಲ್ಲಿ ಶಕ್ತಿಯೇ ಇಲ್ಲದಂತಾಗಿ ಕುಸಿದು ಬೀಳುತ್ತಾರೆ. 1996ರಲ್ಲಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಗಳು ಸಣ್ಣ ಪೆಟ್ರೋಲ್ ಎಂಜಿನ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿದಾಗ ಕೊಟ್ಟ ಉದಾಹರಣೆಗಳಲ್ಲಿ ಒಂದು ಇದು: ಪ್ರೆಷರ್ ವಾಷರ್‌ನಿಂದ ತನ್ನ ಕೊಟ್ಟಿಗೆ ತೊಳೆಯುತ್ತಿದ್ದ ರೈತನೊಬ್ಬ ಸುಮಾರು ಅರ್ಧ ಗಂಟೆಯಲ್ಲಿ ಕುಸಿದು ಸತ್ತ.

ಬಾಗಿಲು, ಕಿಟಕಿ ತೆರೆದಿದ್ದರೆ ಸಾಕು ಎಂದು ತಿಳಿಯಬೇಡಿ. ಎಂಜಿನ್ ಯಾವಾಗಲೂ ಬಯಲಿನಲ್ಲಿ, ಗಾಡಿಯ ಮೇಲೆಯೇ ಇರಲಿ. ನೆಲಮಾಳಿಗೆಯ ವಾಹನ ನಿಲ್ದಾಣಕ್ಕೆ ಗಾಡಿಯನ್ನೇ ಇಳಿಸಿ ಎಂಜಿನ್ ಓಡಿಸಬೇಡಿ. ಉದ್ದದ ಪೈಪು ಎಳೆಯಿರಿ. ಸಂಪಿನ ಬಾಯಿಯ ಬಳಿ ಎಂಜಿನ್ ನಿಲ್ಲಿಸಬೇಡಿ. ಹೊಗೆ ಒಳಗೆ ತುಂಬಿಕೊಳ್ಳುತ್ತದೆ. ಸಂಪಿಗೆ ಇಳಿಯುವ ಮುನ್ನ ಮುಚ್ಚಳ ಬಹಳ ಹೊತ್ತು ತೆರೆದಿರಬೇಕು, ಫ್ಯಾನಿನಿಂದ ಗಾಳಿ ಆಡಿಸಬೇಕು, ಮೇಲೆ ಒಬ್ಬರು ಕಾವಲಿರಬೇಕು. ಒಳಗಿದ್ದವನು ಬಿದ್ದರೆ ಹಿಂದೆಯೇ ಇನ್ನೊಬ್ಬ ಧುಮುಕಬಾರದು. ಒಂದು ಸಾವು ಎರಡಾಗುವುದು ಹೀಗೆಯೇ. ಕೂಡಲೇ 112ಕ್ಕೆ ಕರೆ ಮಾಡಿ.

ಇನ್ನೊಂದು ಮುಖ್ಯ ವಿಷಯ. ಕೋವಿಡ್ ಕಾಲದಲ್ಲಿ ಹಲವು ಮನೆಗಳಿಗೆ ಬಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸಲಾರದು. ರೋಗಿ ಅಪಾಯದಲ್ಲಿದ್ದರೂ ಅದು 98 ಎಂದೇ ತೋರಿಸಬಹುದು. ಅದನ್ನು ನಂಬದೆ, ರೋಗಿಯನ್ನು ಬಯಲಿಗೆ ತಂದು, 108 ಕರೆಸಿ, ಆಮ್ಲಜನಕ ಸಿಗುವ ಆಸ್ಪತ್ರೆಗೆ ಸಾಗಿಸಿ.

ವಿದ್ಯುತ್ತು ಮತ್ತು ಆಸಿಡ್

ವಿದ್ಯುತ್ ಚಾಲಿತ ಯಂತ್ರವಾದರೆ ಹೊಗೆಯ ಭಯವಿಲ್ಲ, ಆದರೆ ನೀರು ಮತ್ತು 230 ವೋಲ್ಟ್ ಒಂದೇ ಕಡೆ ಸೇರುತ್ತವೆ. ಒದ್ದೆ ಚರ್ಮದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿತಗೊಳಿಸುವ ಸ್ವಿಚ್ಚು ಇಲ್ಲದ ಮನೆಯಲ್ಲಿ ಯಂತ್ರ ಹಚ್ಚಬೇಡಿ. ಜೋಡಣೆಯ ತಂತಿಯ ಕೀಲುಗಳು ನೆಲದ ನೀರಿನಲ್ಲಿ ಬಿದ್ದಿರಬಾರದು. ತಾರಸಿಯ ಮೇಲೆ ಉದ್ದನೆಯ ಕಬ್ಬಿಣದ ಕೊಳವೆ ಎತ್ತುವಾಗ ಮೇಲಿನ ವಿದ್ಯುತ್ ತಂತಿಗಳನ್ನು ನೋಡಿ. ಶಾಕ್ ಹೊಡೆದವನನ್ನು ಮುಟ್ಟುವ ಮುನ್ನ ಮೇನ್ ಆರಿಸಿ. ಉಸಿರಾಟವಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ.

ಪಾಚಿ, ಕಲೆ ಬೇಗ ಹೋಗಲೆಂದು ಶೌಚಾಲಯದ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಬೆರೆಸುವವರಿದ್ದಾರೆ. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಶ್ವಾಸಕೋಶ ಊದಿಕೊಂಡು ಪ್ರಾಣಕ್ಕೇ ಸಂಚಕಾರ. ಎರಡನ್ನೂ ಗಾಡಿಯಲ್ಲಿ ಬೇರೆ ಬೇರೆ ಕಡೆ, ಹೆಸರು ಬರೆದ ಡಬ್ಬಿಗಳಲ್ಲಿಡಿ. ತಂಪು ಪಾನೀಯದ ಬಾಟಲಿಗಂತೂ ಬೇಡವೇ ಬೇಡ. ಬಾಯಾರಿದ ಮಗು ಅದನ್ನೇ ಎತ್ತಿಕೊಳ್ಳುತ್ತದೆ. ಕಣ್ಣಿಗೆ ಸಿಡಿದರೆ ನಲ್ಲಿಯ ಸಾಧಾರಣ ನೀರಿನಿಂದ ಕನಿಷ್ಠ 15-20 ನಿಮಿಷ ತೊಳೆದು ನಂತರ ನೇತ್ರವೈದ್ಯರಲ್ಲಿಗೆ ಓಡಿ.

ದಿನವೂ ಮಾಡುವವರಿಗೆ

ಕಲ್ಲು, ಬಣ್ಣದ ಚೂರು ಸಿಡಿಯುವುದರಿಂದ ಬದಿ ಮುಚ್ಚಿದ ಕನ್ನಡಕ ಅಗತ್ಯ. ಹವಾಯಿ ಚಪ್ಪಲಿಯ ಬದಲು ಜಾರದ ಅಟ್ಟೆಯ ಗಂಬೂಟು ತೊಡಿ. ಪಕ್ಕದಲ್ಲಿರುವವನೊಡನೆ ಕೂಗಿ ಮಾತಾಡಬೇಕಾಗಿ ಬಂದರೆ ಕಿವಿಗೆ ರಕ್ಷಣೆ ಬೇಕೆಂದೇ ಅರ್ಥ. ಹೋದ ಕಿವಿಯ ಶಕ್ತಿ ಮರಳಿ ಬಾರದು. ಏಣಿಯ ಮೇಲೆ ನಿಂತು ಧಾರೆ ಬಿಟ್ಟರೆ ಅದರ ಹಿನ್ನೂಕು ಆಯ ತಪ್ಪಿಸುತ್ತದೆ. ಕೊಟ್ಟಿಗೆ, ಚರಂಡಿ, ಇಲಿ ಓಡಾಡುವ ಜಾಗ ತೊಳೆದ ಮೇಲೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಗಾಗುವುದು ಕಂಡುಬಂದರೆ ಅದು ಇಲಿಜ್ವರವಿರಬಹುದು. ವೈದ್ಯರಿಗೆ ನಿಮ್ಮ ಕೆಲಸ ಏನೆಂಬುದನ್ನು ಮೊದಲು ಹೇಳಿ.

ಮನೆಯವರಿಗೆ ಒಂದು ಮಾತು

ಆಯುಧಪೂಜೆಯ ಮುನ್ನಾದಿನ ವಾಹನ ತೊಳೆಸಲು ಸಾಲು ನಿಲ್ಲುತ್ತದೆ. ಆ ಗಡಿಬಿಡಿಯಲ್ಲಿ ಮಕ್ಕಳು ಹಿಡಿಕೆಗೆ ಕೈಚಾಚುತ್ತಾರೆ, ಬರಿಗಾಲಿಗೆ ನೀರು ಬಿಡಿಸಿಕೊಳ್ಳಲು ನೋಡುತ್ತಾರೆ. ಹುಡುಗರೂ ನಗುತ್ತಾ ಕೊಟ್ಟುಬಿಡುತ್ತಾರೆ. ದಯವಿಟ್ಟು ಬೇಡ. ಕೆಲಸ ನಡೆಯುವಷ್ಟು ಹೊತ್ತು ಮಕ್ಕಳನ್ನೂ ನಾಯಿಯನ್ನೂ ಒಳಗಿರಿಸಿ. ಬೇಗ ಮುಗಿಸೆಂದು ಕೆಲಸದವನನ್ನು ಅವಸರಪಡಿಸಬೇಡಿ. ಅವನು ಬೆರಳು ಹಿಡಿದುಕೊಂಡು “ಏನಿಲ್ಲ ಬಿಡಿ ಅಮ್ಮಾ, ಸ್ವಲ್ಪ ಚುಚ್ಚಿತು” ಎಂದರೆ ಬಿಡಬೇಡಿ. ತೊಳೆಯುವುದು ಅಲ್ಲಿಗೇ ನಿಲ್ಲಲಿ, ಆಟೋ ಕರೆದು ಅವನನ್ನು ಆಸ್ಪತ್ರೆಗೆ ಕಳಿಸಿ. ಅರ್ಧ ತೊಳೆದ ಕಾರು ನಾಳೆಯವರೆಗೂ ಕಾಯುತ್ತದೆ. ಅವನ ಬೆರಳು ಕಾಯುವುದಿಲ್ಲ.