ಹಿಂದಕ್ಕೆ ಲಾಗ ಹಾಕಲು ಹೆದರುವ ಮಗುವಿಗೆ ನೆರವಾಗುವುದು ಹೇಗೆ?



ಈ ಅಂಕಣದಲ್ಲಿ ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ, ಮಳೆಗಾಲದ ಜ್ವರ ಮೊದಲಾದ ವಿಷಯಗಳು ಬರುತ್ತವೆ. ಈ ಸಲದ ವಿಷಯ ಸ್ವಲ್ಪ ಬೇರೆ. ಬೋವಿಕಾನದ ಕಡೆಯ ಕೃಷಿಕ ದಂಪತಿ ಕೇಳಿದ ಪ್ರಶ್ನೆಯೇ ಇದಕ್ಕೆ ಕಾರಣ. ಅವರ ಹನ್ನೊಂದು ವರ್ಷದ ಮಗಳು ಜಿಮ್ನಾಸ್ಟಿಕ್ಸ್ ಕಲಿಯುತ್ತಾಳೆ. ಆರು ತಿಂಗಳ ಹಿಂದೆ ಕೈಯೂರಿ ಹಿಂದಕ್ಕೆ ಲಾಗ ಹಾಕುವುದು ಅವಳಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಈಗ ಮ್ಯಾಟಿನ ಮೇಲೆ ನಿಂತು ಕೈ ಎತ್ತುತ್ತಾಳೆ, ಮೊಣಕಾಲು ಬಗ್ಗಿಸುತ್ತಾಳೆ, ಅಷ್ಟಕ್ಕೇ ನಿಂತುಬಿಡುತ್ತಾಳೆ. ಬಿದ್ದು ಪೆಟ್ಟಾದದ್ದೂ ಇಲ್ಲ. ‘ಗದರಿಸಿ ಮಾಡಿಸಬೇಕೇ, ಆಟವನ್ನೇ ಬಿಡಿಸಬೇಕೇ?’ ಎಂಬುದು ಅವರ ಪ್ರಶ್ನೆ.

ಎರಡೂ ಬೇಡ ಎಂಬುದೇ ಉತ್ತರ. ಏಕೆ ಬೇಡ, ಮತ್ತೇನು ಮಾಡಬೇಕು ಎಂಬುದನ್ನು ನೋಡೋಣ.

ಈ ಭಯ ಎಲ್ಲಿಂದ ಬರುತ್ತದೆ?

ಮುಂದಕ್ಕೆ ಜಿಗಿಯುವಾಗ ಕಾಲೂರುವ ನೆಲ ಕಣ್ಣಿಗೆ ಕಾಣುತ್ತದೆ. ಹಿಂದಕ್ಕೆ ಹಾರುವಾಗ ಮೊದಲ ಕ್ಷಣದಲ್ಲಿ ನೆಲ ಕಾಣುವುದಿಲ್ಲ. ತಲೆ ಎಲ್ಲಿದೆ, ಕಾಲು ಎಲ್ಲಿದೆ ಎಂಬುದನ್ನು ಮೆದುಳು ಬೇರೆ ಸುಳಿವುಗಳಿಂದ ತಿಳಿದುಕೊಳ್ಳಬೇಕು. ನಮ್ಮ ಪ್ರತಿಯೊಂದು ಒಳಕಿವಿಯಲ್ಲೂ ಅರ್ಧವೃತ್ತಾಕಾರದ ಮೂರು ನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವವು ಚಲಿಸಿ, ಯಾವ ಕಡೆಗೆ ಎಷ್ಟು ವೇಗದಲ್ಲಿ ತಿರುಗಿದೆವು ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಸ್ನಾಯು ಮತ್ತು ಕೀಲುಗಳಿಂದಲೂ ಸುದ್ದಿ ಹೋಗುತ್ತದೆ. ಕಣ್ಣಿನ ಸಾಕ್ಷಿ ಇಲ್ಲದಾಗ ಈ ಸುದ್ದಿಯನ್ನು ನಂಬಿ ಹಾರುವುದೇ ಹಿಮ್ಮುಖ ಲಾಗದ ಕಷ್ಟ. ತಳೆ ಹಾಕಿ ಅಡಿಕೆ ಮರ ಏರಿದವರನ್ನು ಕೇಳಿ ನೋಡಿ. ಏರುವಾಗ ಇಲ್ಲದ ಅಳುಕು, ಕಾಲಿಡುವ ಜಾಗ ಕಾಣದೆ ಇಳಿಯುವಾಗ ಬರುತ್ತದೆ ಎನ್ನುವವರಿದ್ದಾರೆ.

ಪೆಟ್ಟು ಬೀಳದೆಯೂ ಈ ಭಯ ಬರಬಹುದು. ಜೊತೆಯ ಮಗು ಬಿದ್ದುದನ್ನು ಕಂಡದ್ದು, ಜ್ವರದಿಂದಲೋ ಪರೀಕ್ಷೆಯಿಂದಲೋ ಕೆಲವು ವಾರ ಅಭ್ಯಾಸ ತಪ್ಪಿದ್ದು, ಕೋಚ್ ಬದಲಾದದ್ದು, ಸ್ಪರ್ಧೆ ಹತ್ತಿರವಾದದ್ದು, ಇವೆಲ್ಲ ಕಾರಣವಾಗಬಹುದು. ಇನ್ನೊಂದು ಕಾರಣವನ್ನು ನಾವು ಗಮನಿಸುವುದೇ ಇಲ್ಲ. ಹತ್ತರಿಂದ ಹದಿಮೂರರ ನಡುವೆ ಹೆಣ್ಣುಮಕ್ಕಳು ಸಾಮಾನ್ಯವಾಗಿ ಬೇಗಬೇಗನೆ ಎತ್ತರವಾಗುತ್ತಾರೆ. ಕೈಕಾಲು ಉದ್ದವಾಗುತ್ತವೆ, ತೂಕ ಹೆಚ್ಚುತ್ತದೆ. ಮೆದುಳಿನಲ್ಲಿರುವುದು ಹಳೆಯ ದೇಹದ ಲೆಕ್ಕ, ಹಾರುತ್ತಿರುವುದು ಹೊಸ ದೇಹ. ನಿನ್ನೆ ಸರಿಯಾಗಿದ್ದ ಲಾಗ ಇಂದು ತಪ್ಪಿದಂತೆ ಅನಿಸಿದರೆ ಅದು ಮಗುವಿನ ಸೋಮಾರಿತನವಲ್ಲ.

ಒತ್ತಾಯದ ಬೆಲೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಮಕ್ಕಳನ್ನು ಒತ್ತಾಯಿಸಲು ನಾವು ಬಳಸುವುದುಂಟು. ಆದರೆ ಗಿಡವನ್ನೂ ಒಮ್ಮೆಲೇ ಬಗ್ಗಿಸಿದರೆ ಮುರಿಯುತ್ತದೆ.

ಸೋವಿಯತ್ ದೇಶದ ಎಲೆನಾ ಮುಖಿನಾ 1978ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಹುಡುಗಿ. ಮಾಸ್ಕೋ ಒಲಿಂಪಿಕ್ಸ್‌ಗೆ ಮುಂಚೆ ಅವಳಿಗೆ ‘ಥಾಮಸ್ ಸಾಲ್ಟೋ’ ಎಂಬ ಅತಿ ಕಠಿಣ ಲಾಗವನ್ನು ಕಲಿಸುತ್ತಿದ್ದರು. ಹಿಂದಕ್ಕೆ ಹಾರಿ, ಗಾಳಿಯಲ್ಲೇ ತಿರುಚಿ, ಕೊನೆಗೆ ಉರುಳಿಕೊಂಡು ಇಳಿಯುವ ಲಾಗ ಅದು. ಮುರಿದಿದ್ದ ಕಾಲು ಪೂರ್ತಿ ಬಲಗೊಂಡಿರಲಿಲ್ಲ. ಇದರಲ್ಲಿ ನನ್ನ ಕುತ್ತಿಗೆ ಮುರಿಯುತ್ತದೆ ಎಂದು ಅವಳು ಹೇಳಿದ್ದಳು. ಕೇಳುವವರಿರಲಿಲ್ಲ. 1980ರ ಜುಲೈಯಲ್ಲಿ ಮಿನ್‌ಸ್ಕ್ ನಗರದಲ್ಲಿ ಅಭ್ಯಾಸ ಮಾಡುವಾಗ ಕುತ್ತಿಗೆ ಮುರಿಯಿತು. ಇಪ್ಪತ್ತರ ವಯಸ್ಸಿನಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಅವಳು 2006ರಲ್ಲಿ ತೀರಿಕೊಳ್ಳುವ ತನಕ ಹಾಗೆಯೇ ಇದ್ದಳು.

ನಮ್ಮ ಮುಳಿಯಾರು ಪಂಚಾಯತಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೇರುತೋಟಗಳ ಎಂಡೋಸಲ್ಫಾನ್ ಸಿಂಪಡಣೆ ನಿಂತ ಮೇಲೂ, ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ವರ್ಷಗಟ್ಟಲೆ ಆರೈಕೆ ಮಾಡಿದ ಮನೆಗಳು ನಮ್ಮ ಸುತ್ತಲೇ ಇವೆ. ಬೆನ್ನುಹುರಿಗೆ ಪೆಟ್ಟಾಗುವುದು ಎಂದರೆ ಏನೆಂದು ಅಂಥ ತಾಯಂದಿರನ್ನು ನೋಡಿದವರಿಗೆ ಗೊತ್ತು. ಅರೆಮನಸ್ಸಿನಿಂದ ಹಿಂದಕ್ಕೆ ಹಾರಿ ನಡುದಾರಿಯಲ್ಲಿ ಮನಸ್ಸು ಬದಲಿಸುವ ಮಗು ತಲೆಯ ಮೇಲೆ ಬೀಳುವ ಅಪಾಯವಿದೆ. ಆದುದರಿಂದ ‘ಸುಮ್ಮನೆ ಹಾರು’ ಎಂಬ ಮಾತು ಧೈರ್ಯದ ಮಾತಲ್ಲ.

ಬಿಟ್ಟುಬಿಟ್ಟರೂ ಭಯ ಹೋಗುವುದಿಲ್ಲ

ಹಾಗಾದರೆ ಭಯ ತಾನಾಗಿ ಹೋಗುವ ತನಕ ಹಿಮ್ಮುಖ ಲಾಗದ ಸುದ್ದಿಯನ್ನೇ ಎತ್ತದಿದ್ದರೆ ಆಗದೇ? ಆಗದು. ಮಗು ಹಿಂಜರಿದು ಪಕ್ಕಕ್ಕೆ ಸರಿದ ಕೂಡಲೇ ಎದೆ ಹಗುರವಾಗುತ್ತದೆ. ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ ಎಂದು ಮೆದುಳು ಪಾಠ ಕಲಿಯುತ್ತದೆ. ಪ್ರತಿ ಸಲ ಹೀಗಾದಾಗಲೂ ಭಯದ ಬೇರು ಇನ್ನಷ್ಟು ಆಳಕ್ಕಿಳಿಯುತ್ತದೆ.

ಅಡಿಕೆ ಸಸಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ನರ್ಸರಿಯ ನೆರಳಿನಿಂದ ತಂದ ಸಸಿಯನ್ನು ಬಯಲ ಬಿಸಿಲಿನಲ್ಲಿ ನೆಟ್ಟರೆ ಸೋಗೆ ಸುಟ್ಟುಹೋಗುತ್ತದೆ. ಸದಾ ದಟ್ಟ ನೆರಳಿನಲ್ಲೇ ಇಟ್ಟರೆ ಸಪೂರವಾಗಿ ಉದ್ದಕ್ಕೆ ಹೋಗುತ್ತದೆ, ಬಲ ಬರುವುದಿಲ್ಲ. ಅದಕ್ಕಾಗಿಯೇ ನಾವು ನಡುವೆ ಬಾಳೆ ನೆಟ್ಟು, ಸಸಿ ಬೆಳೆದಂತೆ ನೆರಳನ್ನು ಕಡಿಮೆ ಮಾಡುತ್ತಾ ಬರುತ್ತೇವೆ. ಹೆದರಿದ ಮಗುವಿಗೂ ಬೇಕಾದದ್ದು ಇಂಥದೇ ಕ್ರಮ. ಅಳತೆಯ ಬಿಸಿಲು, ಅಳತೆಯ ನೆರಳು.

ಕೆಳಗಿನ ಮೆಟ್ಟಲಿಗೆ ಇಳಿಯಿರಿ

ಈ ಕ್ರಮದ ಗುಟ್ಟು ಇಷ್ಟೇ. ಭಯವಾಗದ ಮೆಟ್ಟಲು ಎಲ್ಲಿದೆಯೋ ಅಲ್ಲಿಯ ತನಕ ಹಿಂದೆ ಬನ್ನಿ, ಅಲ್ಲಿಂದ ಪುನಃ ಏರಿ. ಅನುಭವಿ ಕೋಚ್‌ಗಳು ಸುಮಾರಾಗಿ ಈ ರೀತಿ ಮೆಟ್ಟಲು ಕಟ್ಟುತ್ತಾರೆ.

1. ಇಳಿಜಾರಾಗಿ ಇಟ್ಟ ಮ್ಯಾಟಿನ ಮೇಲೆ ಹಿಂದಕ್ಕೆ ಉರುಳುವುದು.

2. ಎತ್ತರಕ್ಕೆ ಪೇರಿಸಿದ ಮೆತ್ತನೆಯ ಮ್ಯಾಟಿನ ಮೇಲೆ ಹಿಂದಕ್ಕೆ ಜಿಗಿದು ಬೆನ್ನ ಮೇಲೆ ಬೀಳುವುದು. ಕಾಣದ ಕಡೆಗೆ ಹೋದರೂ ಪೆಟ್ಟಾಗುವುದಿಲ್ಲ ಎಂಬುದನ್ನು ದೇಹ ಇಲ್ಲಿ ಕಲಿಯುತ್ತದೆ.

3. ಬೆನ್ನು ಕಮಾನಿನಂತೆ ಬಗ್ಗಿಸಿ, ಕಾಲನ್ನು ಒಂದೊಂದಾಗಿ ಆಚೆ ಹಾಕುವುದು.

4. ಉರುಳೆಯಾಕಾರದ ದೊಡ್ಡ ಮೆತ್ತೆಯ ಮೇಲೆ ಹಿಂದಕ್ಕೆ ವಾಲಿ ಕೈಯೂರುವುದು.

5. ಕೋಚ್ ಸೊಂಟ ಮತ್ತು ತೊಡೆಗೆ ಕೈಯಾಸರೆ ಕೊಟ್ಟಿರುವಾಗ ಪೂರ್ತಿ ಲಾಗ ಹಾಕುವುದು.

6. ಆಸರೆ ಸಡಿಲಿಸುತ್ತಾ ಬರುವುದು. ಮೊದಲು ಪೂರ್ತಿ ಹಿಡಿತ, ಬಳಿಕ ಬೆರಳ ಸ್ಪರ್ಶ, ಬಳಿಕ ಹತ್ತಿರ ನಿಲ್ಲುವುದು ಮಾತ್ರ, ಕೊನೆಗೆ ಒಬ್ಬಳೇ.

ಒಂದು ಮೆಟ್ಟಲಲ್ಲಿ ನೆಮ್ಮದಿಯಾಗಿ ಮಾಡುವಂತಾದ ಮೇಲೆ ಮುಂದಿನದು. ಒಂದು ದಿನ ಎರಡು ಮೆಟ್ಟಲು ಇಳಿಯಬೇಕಾಗಿ ಬಂದರೆ ಇಳಿಯಲಿ. ಎಷ್ಟು ಸಲ ಮಾಡುವುದೆಂದು ಮಗುವೂ ಸೇರಿ ನಿರ್ಧರಿಸಲಿ. ಮೂರು ಸಲ ಎಂದು ಒಪ್ಪಿಕೊಂಡ ಮೇಲೆ ಮೂರಕ್ಕೇ ನಿಲ್ಲಿಸಬೇಕು. ಚೆನ್ನಾಗಿ ಮಾಡಿದಳೆಂದು ನಾಲ್ಕನೆಯದನ್ನು ಕೇಳಬಾರದು. ‘ಹಿಡಿದುಕೊಳ್ಳುತ್ತೇನೆ’ ಎಂದು ಮಾತು ಕೊಟ್ಟು ನಡುವೆ ಕೈಬಿಡುವ ಉಪಾಯವನ್ನಂತೂ ಮಾಡಲೇಬಾರದು. ಕೆರೆಯಲ್ಲಿ ಈಜು ಕಲಿಸುವಾಗ ಹಾಗೆ ಮೋಸ ಹೋದ ಮಗು ಮತ್ತೆ ನೀರನ್ನೂ ನಂಬುವುದಿಲ್ಲ, ಕೈಯನ್ನೂ ನಂಬುವುದಿಲ್ಲ.

ದೊಡ್ಡವರಿಗೂ ಬಂದದ್ದು

ಇದು ಬರೀ ಚಿಕ್ಕಮಕ್ಕಳ ಸಮಸ್ಯೆಯೆಂದು ತಿಳಿಯಬಾರದು. ಅಮೆರಿಕದ ಸಿಮೋನ್ ಬೈಲ್ಸ್ ಹೆಸರನ್ನು ಟಿ.ವಿ.ಯಲ್ಲಿ ಕೇಳಿದ್ದೀರಿ. 2021ರ ಜುಲೈ 27ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಗಾಳಿಯಲ್ಲಿ ಎರಡೂವರೆ ಸುತ್ತು ತಿರುಚಬೇಕಾಗಿದ್ದ ಆಕೆ ಒಂದೂವರೆ ಸುತ್ತಿಗೇ ಕೆಳಗಿಳಿದರು. ಗಾಳಿಯಲ್ಲಿ ತಾನೆಲ್ಲಿದ್ದೇನೆ ಎಂಬ ಅರಿವೇ ತಪ್ಪಿಹೋಗಿತ್ತು. ಅಲ್ಲಿಗೇ ನಿಲ್ಲಿಸಿ, ಹಲವು ಸ್ಪರ್ಧೆಗಳಿಂದ ಹಿಂದೆ ಸರಿದರು. ಟೀಕೆಗಳೂ ಬಂದವು. ಬಳಿಕ ಆಕೆ ಟೋಕಿಯೊ ಹತ್ತಿರದ ಜುಂಟೆಂಡೊ ವಿಶ್ವವಿದ್ಯಾಲಯದ ಅಂಗಣದಲ್ಲಿ, ಬಿದ್ದರೂ ನೋವಾಗದ ಮೆತ್ತೆಗಳ ಮೇಲೆ ಅಭ್ಯಾಸ ಮಾಡಿದರು. ಆಗಸ್ಟ್ 3ರಂದು ಕಿರಿದಾದ ಮರದ ತೊಲೆಯಂಥ ಬೀಮ್ ಮೇಲಿನ ಸ್ಪರ್ಧೆಗೆ ಬಂದಾಗ, ತಿರುಚುವ ಲಾಗವನ್ನು ಕೈಬಿಟ್ಟು, ತಿರುಚದೆ ಹಿಂದಕ್ಕೆ ಹಾರಿ ಇಳಿಯುವ ಸರಳವಾದ ಲಾಗವನ್ನು ಆರಿಸಿಕೊಂಡರು. ಅಂದು ಕಂಚು ಸಿಕ್ಕಿತು. ಮತ್ತೆ ಸ್ಪರ್ಧೆಗೆ ಇಳಿದದ್ದು ಎರಡು ವರ್ಷಗಳ ಬಳಿಕ, 2023ರಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಲೋಕದ ಶ್ರೇಷ್ಠ ಆಟಗಾರ್ತಿಗೇ ಕೆಳಗಿನ ಮೆಟ್ಟಲಿಗೆ ಇಳಿಯಬೇಕಾಗಿ ಬಂದಿತ್ತು ಎಂದು ನಿಮ್ಮ ಮಗುವಿಗೆ ಹೇಳಿ.

ಈ ವಿದ್ಯೆ ನಮ್ಮಿಂದ ದೂರದ್ದೂ ಅಲ್ಲ. ಕಾಸರಗೋಡಿನಲ್ಲಿ ರೈಲು ಹತ್ತಿದರೆ ಕಣ್ಣೂರು ದಾಟಿದ ಮೇಲೆ ತಲಶ್ಶೇರಿ ಸಿಗುತ್ತದೆ. ಅಲ್ಲಿನ ಕೀಲೇರಿ ಕುಞಿಕಣ್ಣನ್ ಎಂಬ ಕಳರಿ ಮತ್ತು ವ್ಯಾಯಾಮದ ಗುರು 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಕಲಿಸುವ ಶಾಲೆ ತೆರೆದರು. ಅವರ ಶಿಷ್ಯರಿಂದ ಕೇರಳದ ಸರ್ಕಸ್ ಕಂಪೆನಿಗಳು ಬೆಳೆದವು. ಇಂದು ಅದೇ ತಲಶ್ಶೇರಿಯ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಜಿಮ್ನಾಸ್ಟಿಕ್ಸ್ ತರಬೇತಿ ಇದೆ. ನಮ್ಮ ಯಕ್ಷಗಾನದ ಹುಡುಗರು ಕೂಡ ಧಿಗಿಣವನ್ನು ಒಂದೇ ದಿನದಲ್ಲಿ ಕಲಿಯುವುದಿಲ್ಲ. ಹೆಜ್ಜೆ ಗಟ್ಟಿಯಾದ ಮೇಲೆ ಒಂದು ಸುತ್ತು, ಅದು ಕೂತ ಮೇಲೆ ಮತ್ತೊಂದು.

ಮನೆಯವರು ಮಾಡಬೇಕಾದದ್ದು

ತಂದೆತಾಯಿ ಕೋಚ್ ಆಗಬೇಕಾಗಿಲ್ಲ. ಆದರೆ ಕೆಲವು ವಿಷಯಗಳು ಅವರ ಕೈಯಲ್ಲೇ ಇವೆ.

ಅಂಗಳದಲ್ಲಿ, ಪಾಚಿ ಹಿಡಿದ ಜಾಗದಲ್ಲಿ, ಬೈಹುಲ್ಲಿನ ರಾಶಿಯ ಮೇಲೆ ಹಿಮ್ಮುಖ ಲಾಗದ ಅಭ್ಯಾಸಕ್ಕೆ ಬಿಡಬೇಡಿ. ಹುಲ್ಲು ಮೆತ್ತಗೆ ಕಂಡರೂ ಕೈ ಜಾರುತ್ತದೆ, ಒಳಗೆ ಹೂತುಹೋಗುತ್ತದೆ. ಅಣ್ಣ ತಮ್ಮಂದಿರು ಹಿಡಿದುಕೊಳ್ಳುವುದೂ ಬೇಡ. ಮನೆಯಲ್ಲಿ ಕೈ, ಭುಜ, ಹೊಟ್ಟೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಲಿ. ತೋಳಿಗೆ ಬಲ ಬಂದಷ್ಟೂ, ಕೈಯೂರಿದಾಗ ದೇಹ ಕುಸಿಯದು ಎಂಬ ನಂಬಿಕೆ ಬರುತ್ತದೆ.

ಹಸಿದ ಹೊಟ್ಟೆಯಲ್ಲಿ ಅಭ್ಯಾಸಕ್ಕೆ ಕಳುಹಿಸಬೇಡಿ. ಬೆಳೆಯುವ ವಯಸ್ಸಿನಲ್ಲಿ ತೂಕ ಹೆಚ್ಚಿತೆಂದು ಊಟ ಕಡಿಮೆ ಮಾಡಿಸುವುದು ದೊಡ್ಡ ತಪ್ಪು. ಗಂಜಿ, ಹೆಸರುಕಾಳು, ಮೊಟ್ಟೆ, ಮೀನು, ಹಾಲು, ಸೊಪ್ಪು ಇವೆಲ್ಲ ಬೇಕು. ನಿದ್ದೆಯೂ ಸಾಕಷ್ಟು ಬೇಕು. ನಿದ್ದೆಗೆಟ್ಟ ಮಗುವಿಗೆ ಭಯ ಇಮ್ಮಡಿಯಾಗುತ್ತದೆ.

ಮನೆಗೆ ಬಂದ ಕೂಡಲೇ ‘ಇವತ್ತು ಹಾಕಿದೆಯಾ?’ ಎಂದು ಕೇಳಬೇಡಿ. ‘ಇವತ್ತು ಯಾವ ಭಾಗ ಸುಲಭವಾಯಿತು?’ ಎಂದು ಕೇಳಿ. ನೆಂಟರ ಮುಂದೆ ತಮಾಷೆ ಮಾಡುವುದು, ಪಕ್ಕದ ಮನೆಯ ಹುಡುಗಿಗೆ ಹೋಲಿಸುವುದು, ಲಾಗ ಹಾಕಿದರೆ ಹೊಸ ಚಪ್ಪಲಿ ಎನ್ನುವುದು, ಮೂರೂ ಬೇಡ. ಆಸೆ ತೋರಿಸಿದರೆ ಭಯ ಹೋಗುವುದಿಲ್ಲ, ಮಗು ಅದನ್ನು ಬಚ್ಚಿಡಲು ಕಲಿಯುತ್ತದೆ, ಅಷ್ಟೇ.

ಕೋಚ್ ಜೊತೆ ಒಮ್ಮೆ ಮಗುವಿನ ಎದುರಿಗೇ ಮಾತಾಡಿ. ಭಯ ಎಂದಾಗ ಗದರಿಸುವ ಅಥವಾ ಇತರರೆದುರು ಹೀಗಳೆಯುವ ತರಬೇತುದಾರರಾದರೆ, ಬೇರೆಯವರನ್ನು ಹುಡುಕುವುದೇ ಒಳ್ಳೆಯದು.

ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳೂ ಇವೆ. ಕುತ್ತಿಗೆ ನೋವು, ಕೈಕಾಲು ಜೋಮು, ತಲೆಸುತ್ತು, ಕಿವಿನೋವು, ಮಣಿಕಟ್ಟು ಅಥವಾ ಸೊಂಟದಲ್ಲಿ ಬಿಡದ ನೋವು, ತಲೆಗೆ ಪೆಟ್ಟಾದ ಮೇಲಿನ ವಾಂತಿ ಅಥವಾ ಮಂಪರು ಇದ್ದರೆ ಅಭ್ಯಾಸ ನಿಲ್ಲಿಸಿ ಕೂಡಲೇ ತೋರಿಸಿ. ಕೆಲವೊಮ್ಮೆ ಭಯದ ಹಿಂದೆ, ಮಗು ಹೇಳಿಕೊಳ್ಳದ ನೋವು ಇರುತ್ತದೆ. ನಿದ್ದೆಯಲ್ಲಿ ಬೆಚ್ಚುವುದು, ಶಾಲೆಗೇ ಹೋಗಲೊಪ್ಪದಿರುವುದು ವಾರಗಟ್ಟಲೆ ಮುಂದುವರಿದರೆ ಮಕ್ಕಳ ಮನೋವೈದ್ಯರ ಅಥವಾ ಆಪ್ತಸಲಹೆಗಾರರ ಸಹಾಯ ಪಡೆಯಲು ಸಂಕೋಚ ಬೇಡ.

ಎಷ್ಟು ದಿನ ಬೇಕು ಎಂದು ಕೇಳಿದರೆ ಒಂದೇ ಲೆಕ್ಕ ಹೇಳಲಾಗದು. ಕೆಲವರಿಗೆ ಕೆಲವು ವಾರ, ಕೆಲವರಿಗೆ ತಿಂಗಳುಗಳು. ಎಲ್ಲ ಮೆಟ್ಟಲು ಏರಿದ ಮೇಲೂ ‘ನನಗೆ ಈ ಆಟ ಬೇಡ’ ಎಂದು ಮಗು ಹೇಳಿದರೆ ಆ ಮಾತಿಗೂ ಬೆಲೆ ಕೊಡಬೇಕು. ಓಟವಿದೆ, ಈಜು ಇದೆ, ಯಕ್ಷಗಾನವಿದೆ. ಈ ವರ್ಷದ ಕ್ರೀಡಾಕೂಟ ತಪ್ಪಿದರೆ ಬರುವ ವರ್ಷ ಇನ್ನೊಂದು ಬರುತ್ತದೆ. ಹೆದರಿಕೆಯಾದಾಗ ಮನೆಯಲ್ಲಿ ಹೇಳಿಕೊಳ್ಳಬಹುದು ಎಂಬ ನಂಬಿಕೆಯನ್ನು ಮಾತ್ರ ಕಳೆಯಬೇಡಿ. ನಾಳೆ ಇದಕ್ಕಿಂತ ದೊಡ್ಡ ಭಯ ಬಂದಾಗ ಮಗು ಮೊದಲು ನಿಮ್ಮಲ್ಲಿಗೆ ಬರಬೇಕಲ್ಲವೇ?