ಉಪನಗರದ ಪುನರ್ವಿನ್ಯಾಸ: ಆರ್ಲಿಂಗ್ಟನ್‌ನ ಒಂದು ನಿದರ್ಶನ

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಬೆಳೆದ ಉಪನಗರಗಳ ಪ್ರಧಾನ ಲಕ್ಷಣ ಭೂಬಳಕೆಯ ವಿಂಗಡಣೆ. ವಾಸದ ಮನೆಗಳು ಒಂದೆಡೆ, ಅಂಗಡಿಗಳು ಇನ್ನೊಂದೆಡೆ, ಕಚೇರಿಗಳು ಮತ್ತೊಂದೆಡೆ. ಇವುಗಳನ್ನು ಕೂಡಿಸುವ ಸಾಧನ ಕಾರು ಮಾತ್ರ. ಓಹಾಯೋದ ಯೂಕ್ಲಿಡ್ ಗ್ರಾಮದ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1926ರಲ್ಲಿಯೇ ವಲಯ ನಿಯಮಗಳನ್ನು ಎತ್ತಿಹಿಡಿದಿದ್ದರಿಂದ ಈ ವಿಂಗಡಣೆಗೆ ಕಾನೂನಿನ ಬಲವೂ ಇತ್ತು. ಹೀಗೆ ಚದುರಿದ ಊರನ್ನು ಮತ್ತೆ ಕಾಲ್ನಡಿಗೆಯ ಅಳತೆಗೆ ತಂದ ಪ್ರಯತ್ನಗಳಲ್ಲಿ ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿಯದು ಗಮನಾರ್ಹವಾದುದು.

ವಾಷಿಂಗ್ಟನ್ ನಗರದಿಂದ ಪೊಟೊಮ್ಯಾಕ್ ನದಿಯ ಆಚೆ ದಡದಲ್ಲಿ, ರಾಸ್ಲಿನ್‌ನಿಂದ ಬಾಲ್‌ಸ್ಟನ್‌ವರೆಗೆ ಹಬ್ಬಿದ ಪ್ರದೇಶವಿದು. ಬಾಲ್‌ಸ್ಟನ್‌ನಲ್ಲಿ 1951ರಲ್ಲಿ ತೆರೆದ ವ್ಯಾಪಾರ ಕೇಂದ್ರದ ಹೆಸರು 'ಪಾರ್ಕಿಂಗ್ಟನ್'. ಪಾರ್ಕಿಂಗ್, ಆರ್ಲಿಂಗ್ಟನ್ ಎಂಬ ಎರಡು ಪದಗಳ ಈ ಬೆಸುಗೆಯೇ ಆ ಕಾಲದ ಆದರ್ಶವನ್ನು ಹೇಳುತ್ತದೆ. ಇನ್ನೂ ಹೊರವಲಯದಲ್ಲಿ ಹೊಸ ಮಾಲ್‌ಗಳು ತಲೆಯೆತ್ತಿದಾಗ ಗಿರಾಕಿಗಳು ಅತ್ತ ಸರಿದರು. ಹಳೆಯ ವ್ಯಾಪಾರದ ಬೀದಿ ಕಳೆಗುಂದಿತು.

ಇದೇ ಸಂದರ್ಭದಲ್ಲಿ ಮೆಟ್ರೊ ರೈಲಿನ ಯೋಜನೆ ಬಂದಿತು. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಹಳಿ ಹಾಸುವುದು ಅಗ್ಗದ ಮಾರ್ಗವಾಗಿತ್ತು. ಕೌಂಟಿಯ ಆಡಳಿತ ಅದನ್ನು ಒಪ್ಪದೆ, ಹಳೆಯ ಬೀದಿಯ ಗುಂಟ ಸುರಂಗವೇ ಆಗಬೇಕೆಂದು ಪಟ್ಟುಹಿಡಿಯಿತು. 1979ರಲ್ಲಿ ರೈಲು ಬಾಲ್‌ಸ್ಟನ್ ತಲುಪಿತು. ನಿಲ್ದಾಣದ ಸುತ್ತ ಸುಮಾರು ಕಾಲು ಮೈಲಿಯೊಳಗೆ ಎತ್ತರದ ಕಟ್ಟಡಗಳಿಗೂ ಮನೆ, ಕಚೇರಿ, ಅಂಗಡಿಗಳ ಬೆರಕೆಗೂ ಅವಕಾಶ ನೀಡಿ, ಅದರಾಚೆಗೆ ಎತ್ತರವನ್ನು ಹಂತಹಂತವಾಗಿ ಇಳಿಸಿ, ಹಳೆಯ ಒಂಟಿಮನೆಗಳ ಬಡಾವಣೆಗಳನ್ನು ಇದ್ದಂತೆಯೇ ಉಳಿಸಲಾಯಿತು. ಈ ನಿರ್ಧಾರದ ಬೆಲೆಯನ್ನು ಅಳೆಯಲು ಬೇರೆ ಊರಿಗೆ ಹೋಗಬೇಕಿಲ್ಲ. 1986ರಲ್ಲಿ ಇದೇ ಮಾರ್ಗ ಬಾಲ್‌ಸ್ಟನ್‌ನಿಂದ ಪಶ್ಚಿಮಕ್ಕೆ ಮುಂದುವರಿದಾಗ ಹೆದ್ದಾರಿಯ ನಡುವೆಯೇ ಸಾಗಿತು. ಅಲ್ಲಿ ರೈಲಿನಿಂದ ಇಳಿದವರಿಗೆ ಇಕ್ಕೆಲಗಳಲ್ಲಿಯೂ ಮೊದಲು ಎದುರಾಗುವುದು ವಾಹನಗಳ ಪ್ರವಾಹ.

ಆದರೆ ಈ ಯಶಸ್ಸಿನ ಕಥನದಲ್ಲಿ ಸಾಮಾನ್ಯವಾಗಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಅಧ್ಯಾಯವೊಂದಿದೆ. ಸುರಂಗ ಅಗೆಯುತ್ತಿದ್ದ ವರ್ಷಗಳಲ್ಲಿ ನಡುವಿನ ಕ್ಲಾರೆಂಡನ್ ಭಾಗದ ವರ್ತಕರು ಮಳಿಗೆಗಳನ್ನು ಬಿಟ್ಟುಹೋದರು, ಬಾಡಿಗೆ ಕುಸಿಯಿತು. 1975ರಲ್ಲಿ ಸೈಗಾನ್ ಪತನವಾದ ಮೇಲೆ ಬಂದ ವಿಯೆಟ್ನಾಮಿ ನಿರಾಶ್ರಿತರು ಆ ಮಳಿಗೆಗಳಲ್ಲಿ ದಿನಸಿ ಅಂಗಡಿ, ಉಪಾಹಾರಗೃಹಗಳನ್ನು ತೆರೆದರು. 'ಲಿಟಲ್ ಸೈಗಾನ್' ಎಂದು ಹೆಸರಾದ ಈ ಕೇರಿಯೇ ಪಾಳುಬೀಳಲಿದ್ದ ಬೀದಿಗೆ ಜನಸಂಚಾರವನ್ನು ಮರಳಿ ತಂದಿತು. ಯೋಜಕರು ಬಯಸಿದ ಬೀದಿಯ ಬದುಕನ್ನು ಇವರು ಯಾವ ನಕ್ಷೆಯೂ ಇಲ್ಲದೆ ಸಾಧಿಸಿದ್ದರು ಎನ್ನಬಹುದು. ಮೆಟ್ರೊ ಬಂದ ಮೇಲೆ ಬಾಡಿಗೆ ಏರಿತು, ಗುತ್ತಿಗೆಗಳು ಮುಗಿದವು. ಹಲವರು ಸಮೀಪದ ಫಾಲ್ಸ್ ಚರ್ಚ್‌ನಲ್ಲಿ 1984ರಲ್ಲಿ ಆರಂಭವಾದ ಈಡನ್ ಸೆಂಟರ್‌ಗೆ ನೆಲೆ ಬದಲಿಸಿದರು. ಅದು ವಿಶಾಲವಾದ ವಾಹನ ನಿಲುಗಡೆಯ ಸುತ್ತ ಕಟ್ಟಿದ, ಅಪ್ಪಟ ಉಪನಗರ ಶೈಲಿಯ ವ್ಯಾಪಾರ ಸಂಕೀರ್ಣ.

ಬಾಡಿಗೆ ಏರಿದ್ದಕ್ಕೆ ರೈಲೊಂದೇ ಕಾರಣವಲ್ಲ. ನಡೆದಾಡಲು ತಕ್ಕ ನೆಲವನ್ನು ನಿಲ್ದಾಣದ ಸುತ್ತಲಿನ ಕಿರಿದಾದ ವೃತ್ತಕ್ಕೆ ಮಿತಗೊಳಿಸಿದ್ದು ಕೂಡ ಒಂದು ಕಾರಣವೆಂದು ತೋರುತ್ತದೆ. ಒಂಟಿಮನೆಗಳ ಬಡಾವಣೆಗಳನ್ನು ಮುಟ್ಟುವುದಿಲ್ಲವೆಂಬ ಭರವಸೆಯೇ ಮನೆಮಾಲೀಕರ ಸಮ್ಮತಿಗೆ ಆಧಾರವಾಗಿತ್ತು. 2023ರ ಮಾರ್ಚ್‌ನಲ್ಲಿ ಕೌಂಟಿಯ ಮಂಡಳಿಯು ಅಂಥ ನಿವೇಶನಗಳಲ್ಲಿ ಆರು ವಸತಿಗಳವರೆಗೆ ಕಟ್ಟಲು ಅನುಮತಿಸಿ ನಿಯಮವನ್ನು ಬದಲಿಸಿತು. ಕೆಲವು ಮನೆಮಾಲೀಕರು ಅದೇ ವರ್ಷ ನ್ಯಾಯಾಲಯದ ಮೆಟ್ಟಿಲೇರಿದರು.