ಕಣ್ಣಿನ ಸೂರು

ಹಿರಿಯೂರು ತಾಲ್ಲೂಕಿನ ಧರ್ಮಪುರದ ಸುತ್ತಣ ಬಯಲಿನಲ್ಲಿ, ಬೇಸಗೆಯ ಮಧ್ಯಾಹ್ನ ದೂರದ ದಾರಿಯನ್ನು ನೋಡಬೇಕಾದವನು ತನಗರಿವಿಲ್ಲದೆಯೇ ಅಂಗೈಯನ್ನು ಹುಬ್ಬಿನ ಮೇಲೆ ಅಡ್ಡವಾಗಿ ಹಿಡಿಯುತ್ತಾನೆ. ಮನೆಗೆ ಸೂರು ಹೇಗೋ ಆಗ ಕಣ್ಣಿಗೆ ಕೈ ಹಾಗೆ. ಆದರೆ ಪ್ರಕೃತಿಯು ಕಣ್ಣಿಗೆ ಮೊದಲೇ ಒಂದು ಸೂರನ್ನು ಕಟ್ಟಿಕೊಟ್ಟಿದೆ. ಹುಬ್ಬಿನ ಕೂದಲು ಹಣೆಯ ಬೆವರನ್ನು ಪಕ್ಕಕ್ಕೆ ಹರಿಯಿಸುತ್ತದೆ. ಅದರ ಕೆಳಗಿನ ಮೂಳೆಯು ಪೆಟ್ಟನ್ನು ತಾಳುತ್ತದೆ. ಈ ಮೂಳೆಯ ರಚನೆ ಎಂತಹುದು, ಅದು ಕಣ್ಣನ್ನು ಎಷ್ಟರಮಟ್ಟಿಗೆ ಕಾಯಬಲ್ಲದು ಎಂಬುದನ್ನು ವಿಚಾರಮಾಡೋಣ.

ಕಣ್ಣಿನ ಗುಳಿಯು ಏಳು ಮೂಳೆಗಳು ಕೂಡಿ ಆದುದು. ಅದರ ಮೇಲಂಚೂ ಚಾವಣಿಯ ಬಹುಭಾಗವೂ ಹಣೆಯ ಮೂಳೆಗೆ ಸೇರಿದವು. ವಾಚಕರು ತೋರುಬೆರಳನ್ನು ಮೂಗಿನ ಬುಡದಿಂದ ಆರಂಭಿಸಿ ಮೇಲಂಚಿನ ಗುಂಟ ಮೆಲ್ಲನೆ ಸರಿಸಿ ನೋಡಲಿ. ಮುಖದ ನಡುಗೆರೆಯಿಂದ ಸುಮಾರು 2.5 ಸೆಂಟಿಮೀಟರ್ ದೂರದಲ್ಲಿ ಅನೇಕರಿಗೆ ಒಂದು ಸಣ್ಣ ಕಚ್ಚು ಸಿಕ್ಕುತ್ತದೆ. ಕೆಲವರಲ್ಲಿ ಇದು ಕಚ್ಚಾಗಿರದೆ ಪೂರ್ಣ ರಂಧ್ರವಾಗಿರುವುದುಂಟು. ಹಣೆಗೂ ನೆತ್ತಿಗೂ ಸ್ಪರ್ಶಜ್ಞಾನವನ್ನು ಕೊಡುವ ನರವು ಇಲ್ಲಿಂದಲೇ ಹೊರಬರುವುದರಿಂದ ಒತ್ತಿದರೆ ನೋಯುತ್ತದೆ. ಈ ಅಂಚಿನ ಮೇಲ್ಗಡೆ, ಹುಬ್ಬಿನ ಒಳತುದಿಯ ಬಳಿ, ಕಮಾನಿನಂತೆ ಉಬ್ಬಿರುವ ಭಾಗವೇ ಹುಬ್ಬಿನ ಏಣು. ಸಾಮಾನ್ಯವಾಗಿ ಇದು ಹೆಂಗಸರಿಗಿಂತ ಗಂಡಸರಲ್ಲಿ ಸ್ಫುಟವಾಗಿರುತ್ತದೆ.

ಅಂಚು ಹೀಗೆ ಗಟ್ಟಿಯಾಗಿದ್ದರೂ ಅದರ ಹಿಂದಿನ ಚಾವಣಿ ಬಹಳ ತೆಳು. ಒಣಗಿದ ತಲೆಬುರುಡೆಯನ್ನು ದೀಪಕ್ಕೆ ಹಿಡಿದರೆ ಚಾವಣಿಯ ಮೂಲಕ ಬೆಳಕು ತೂರಿಬರುತ್ತದೆ. ಅದರ ಮೇಲೆಯೇ ಮೆದುಳಿನ ಮುಂಭಾಗವು ಕುಳಿತಿದೆ. ಚಾವಣಿಯ ಹೊರಮೂಲೆಯ ತಗ್ಗಿನಲ್ಲಿ ಕಣ್ಣೀರಿನ ಗ್ರಂಥಿಯಿದೆ. ಒಳಮೂಲೆಯಲ್ಲಿರುವುದೋ ಭೌತವಿಜ್ಞಾನದ ವಿದ್ಯಾರ್ಥಿಗೆ ಚೆನ್ನಾಗಿ ಪರಿಚಯವಿರುವ ಸಾಧನ: ಒಂದು ರಾಟೆ! ಅದು ಮೃದ್ವಸ್ಥಿಯ ಪುಟ್ಟ ಬಳೆ. ಗುಳಿಯ ಹಿಂದುಗಡೆ ಹುಟ್ಟುವ ಒಂದು ಸ್ನಾಯುವು ಮುಂದಕ್ಕೆ ಬಂದು, ತನ್ನ ಎಳೆಯನ್ನು ಈ ಬಳೆಯ ಮೂಲಕ ತೂರಿಸಿ, ಮತ್ತೆ ಹಿಂದಕ್ಕೂ ಹೊರಕ್ಕೂ ತಿರುಗಿ ಕಣ್ಣುಗುಡ್ಡೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಬಾವಿಯ ರಾಟೆಯು ಬಲದ ದಿಕ್ಕನ್ನು ಬದಲಾಯಿಸುತ್ತದಷ್ಟೆ. ನಾವು ಹಗ್ಗವನ್ನು ಕೆಳಕ್ಕೆ ಜಗ್ಗಿದರೆ ಕೊಡವು ಮೇಲಕ್ಕೆ ಬರುತ್ತದೆ. ಹಾಗೆಯೇ ಇಲ್ಲಿ ಸ್ನಾಯುವು ಹಿಂದಕ್ಕೆ ಸೆಳೆದರೆ ಗುಡ್ಡೆಯ ಹಿಂಭಾಗ ಮೇಲೇರಿ, ನೋಟವು ಕೆಳಗಿಳಿಯುತ್ತದೆ. ಪುಸ್ತಕವನ್ನು ಓದುವಾಗ, ಮೆಟ್ಟಿಲಿಳಿಯುವಾಗ ಇದರ ನೆರವು ನಮಗೆ ಬೇಕು. ಈ ಸ್ನಾಯುವಿನ ನರಕ್ಕೆ ಊನವಾದವನಿಗೆ ಮೆಟ್ಟಿಲುಗಳು ಎರಡೆರಡಾಗಿ ಕಾಣುತ್ತವೆ.

ನಮ್ಮ ಏಣು ಪ್ರಾಚೀನರದಕ್ಕೆ ಹೋಲಿಸಿದರೆ ಅತ್ಯಲ್ಪ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಸಮಾಧಿಗಳಿಂದ ಮಾನವರ ಎಲುಬುಗಳು ದೊರೆತವು. ಅವರು ನಮ್ಮಂತಹ ಆಧುನಿಕ ಮಾನವರೇ. ಆದರೆ 1982ರಲ್ಲಿ ನರ್ಮದಾ ಕಣಿವೆಯ ಹಥ್ನೋರಾದಲ್ಲಿ ಅರುಣ್ ಸೊನಾಕಿಯಾ ಅವರಿಗೆ ದೊರೆತ ಬುರುಡೆಯು ಬಹುಪ್ರಾಚೀನ. ಅದರಲ್ಲಿ ಕಣ್ಣಿನ ಮೇಲೆ ದಪ್ಪವಾದ ಏಣು ಚಾಚಿಕೊಂಡಿದೆ. ಇಷ್ಟು ದೊಡ್ಡ ಏಣು ಏಕೆ ಬೇಕಾಯಿತು? ಬಲವಾಗಿ ಅಗಿಯುವಾಗ ಉಂಟಾಗುವ ಒತ್ತಡವನ್ನು ತಾಳಲೆಂದು ಕೆಲವರು ಊಹಿಸಿದ್ದರು. ಆಫ್ರಿಕದ ಕಾಬ್ವೆಯಲ್ಲಿ 1921ರಲ್ಲಿ ದೊರೆತ ಬುರುಡೆಯ ಪ್ರತಿರೂಪವನ್ನು ಗೊಡಿನ್ಹೊ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ರಚಿಸಿ, ಏಣನ್ನು ತಗ್ಗಿಸಿ, ಕಚ್ಚುವ ಬಲವನ್ನು ಹೇರಿ ನೋಡಿದರು. 2018ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಏಣು ತಗ್ಗಿದರೂ ಒತ್ತಡದಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಎದುರಿನವರಿಗೆ ತನ್ನ ಹಿರಿಮೆಯನ್ನು ತೋರುವ ಕುರುಹಾಗಿ ಅದು ಬೆಳೆದಿರಬಹುದೆಂದು ಅವರ ಸಲಹೆ. ಏಣು ತಗ್ಗಿ ಹಣೆ ನೆಟ್ಟಗಾದ ಮೇಲೆ ಹುಬ್ಬು ಸಲೀಸಾಗಿ ಆಡತೊಡಗಿತು. ಸ್ನೇಹ, ಸಂಶಯ, ಅಚ್ಚರಿಗಳನ್ನು ನುಡಿಯಿಲ್ಲದೆ ಹೇಳುವ ಶಕ್ತಿ ಅದಕ್ಕೆ ಬಂದಿತು.

ಇನ್ನು ಪೆಟ್ಟಿನ ವಿಷಯ. ಗುಳಿಯ ಬಾಯಿಯು ಸುಮಾರು 4 ಸೆಂಟಿಮೀಟರ್ ಅಗಲ, 3.5 ಸೆಂಟಿಮೀಟರ್ ಎತ್ತರ. ಕ್ರಿಕೆಟ್ ಚೆಂಡಿನ ವ್ಯಾಸ 7 ಸೆಂಟಿಮೀಟರಿಗೂ ಮೇಲು. ಆದುದರಿಂದ ಚೆಂಡು ಅಂಚಿಗೆ ತಾಗಿ ನಿಲ್ಲುತ್ತದೆ. ಪೆಟ್ಟಿನ ಬಹುಪಾಲನ್ನು ಮೂಳೆಯೇ ಹೊರುತ್ತದೆ. ಆದರೂ ಅದರ ಉಬ್ಬು ಅರ್ಧ ಸೆಂಟಿಮೀಟರಿನಷ್ಟು ಒಳನುಗ್ಗಬಲ್ಲುದೆಂದು ಜ್ಯಾಮಿತಿಯಿಂದ ಲೆಕ್ಕಹಾಕಬಹುದು. ಕಣ್ಣಿನ ಹಾನಿಗೆ ಅಷ್ಟೇ ಸಾಕು. ಚಿನ್ನಿದಾಂಡಿನ ಚಿನ್ನಿಯಂತೂ ಮೊನಚಾದುದು; ಸೂರಿಗೆ ತಾಗದೆಯೇ ನೇರವಾಗಿ ಗುಡ್ಡೆಗೆ ಬಡಿಯುತ್ತದೆ. ಗುಳಿಯ ಹೊರಬದಿಯ ಅಂಚು ಹಿಂದಕ್ಕೆ ಸರಿದಿರುವುದರಿಂದ ನಮಗೆ ಪಕ್ಕದ ನೋಟ ವಿಶಾಲವಾಗಿದೆ. ಆದರೆ ಆ ಕಡೆ ರಕ್ಷಣೆ ಕಡಮೆ.

ಇದಕ್ಕಿಂತ ಗೂಢವಾದ ಅಪಾಯವೊಂದುಂಟು. ಹುಬ್ಬಿನ ಹೊರತುದಿಗೆ ಬಿದ್ದ ಪೆಟ್ಟಿನ ಒತ್ತಡವು ತೆಳುವಾದ ಚಾವಣಿಯ ಮೂಲಕ ಹಿಂದಕ್ಕೆ ಸಾಗಿ, ದೃಷ್ಟಿನರವು ಹಾಯುವ ಇಕ್ಕಟ್ಟಾದ ನಾಳದ ಬಳಿ ಕೇಂದ್ರೀಕರಿಸುತ್ತದೆ. ಲೇಸರ್ ಬೆಳಕಿನ ವ್ಯತಿಕರಣದಿಂದ ಇದನ್ನು ತಲೆಬುರುಡೆಯಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಸೈಕಲ್ಲಿನಿಂದ ಬಿದ್ದವನ ಕಣ್ಣುಗುಡ್ಡೆಗೆ ಗಾಯವೇ ಇಲ್ಲದಿರಬಹುದು. ಹುಬ್ಬಿನ ಸೀಳು ಒಂದೆರಡು ಹೊಲಿಗೆಗಳಿಂದ ಕೂಡಬಹುದು. ಆದರೂ ನೋಟ ಕುಂದಿರಬಹುದು. ಎರಡು ಕಣ್ಣೂ ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ಮರೆಸುತ್ತದೆ. ಆದುದರಿಂದ ಹುಬ್ಬಿಗೆ ಬಲವಾದ ಪೆಟ್ಟು ಬಿದ್ದೊಡನೆ ಒಂದು ಕಣ್ಣನ್ನು ಒತ್ತದೆ ಮುಚ್ಚಿ, ಇನ್ನೊಂದರಿಂದ ಗೋಡೆಯ ಮೇಲಿನ ಅಕ್ಷರಗಳನ್ನು ಓದಿ ನೋಡಬೇಕು. ಬಳಿಕ ಮತ್ತೊಂದನ್ನೂ ಹಾಗೆಯೇ ಪರೀಕ್ಷಿಸಬೇಕು. ನೋಟ ಮಸುಕಾದರೆ, ಎರಡೆರಡಾಗಿ ಕಂಡರೆ, ಮೂಗಿನಿಂದ ತಿಳಿನೀರಿಳಿದರೆ, ಗಾಯ ಸಣ್ಣದೆಂದು ಸುಮ್ಮನಿರದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಹಣೆಯಲ್ಲಿ ಬರೆದುದನ್ನು ತಪ್ಪಿಸಲಾಗದೆಂದು ನಮ್ಮ ಜನ ಹೇಳುವುದುಂಟು. ಹಣೆಯ ಮೂಳೆಯ ರಚನೆಯನ್ನು ತಿಳಿದವನು, ಅಲ್ಲಿ ಬಿದ್ದ ಪೆಟ್ಟಿನ ಫಲವನ್ನು ಎಷ್ಟೋ ವೇಳೆ ತಪ್ಪಿಸಬಲ್ಲನು.